ಸರ್ಕಾರಿ ಗೋಡೆಯ ಮೇಲೆ ದಶಾಜ್ಞೆ: ಇರಲಿಯೋ, ಬೇಡವೋ?

ಪರ: ಹಳೆಯದನ್ನು ಕೀಳಬೇಡಿ

ಅಮೆರಿಕದಲ್ಲಿ ಚರ್ಚು ಬೇರೆ, ಸರ್ಕಾರ ಬೇರೆ. ಇದನ್ನು ನಾನೂ ಒಪ್ಪುತ್ತೇನೆ. ಆದರೆ ನಿಂತ ಕಲ್ಲನ್ನು ಕೀಳುವುದು ಯಾಕೆ? ಟೆಕ್ಸಸ್ ಶಾಸನಸಭೆಯ ಅಂಗಳದಲ್ಲಿ ದಶಾಜ್ಞೆಯ, ಅಂದರೆ ಬೈಬಲಿನಲ್ಲಿ ದೇವರು ಕೊಟ್ಟ ಹತ್ತು ಆಜ್ಞೆಗಳ, ಕಲ್ಲು 1961ರಿಂದ ಇದೆ. ಸುಮಾರು ನಲವತ್ತು ವರ್ಷ ಅದರ ಮೇಲೆ ಯಾರೂ ಕೇಸು ಹಾಕಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟೂ ಅದು ಇರಲಿ ಎಂದಿತು. ಮೇರಿಲ್ಯಾಂಡಿನ ಬ್ಲೇಡೆನ್ಸ್‌ಬರ್ಗ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ 49 ಜನರ ನೆನಪಿಗೆ ದೊಡ್ಡ ಶಿಲುಬೆ ಇದೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಶುರುಮಾಡಿದ ಕೆಲಸ ಅದು, 1925ರಲ್ಲಿ ಮುಗಿಯಿತು. 2019ರಲ್ಲಿ ಕೋರ್ಟು ಅದನ್ನೂ ಉಳಿಸಿತು. ಇಂಥದ್ದನ್ನೂ ತೆಗೆಯಿರಿ ಎನ್ನುವವರಿಗೆ ದೇವರ ಹೆಸರು ಕಂಡರೇ ಆಗುವುದಿಲ್ಲ.

ಶಾಲೆಯ ತರಗತಿಯ ಗೋಡೆಗೆ ದಶಾಜ್ಞೆ ಹಾಕುವ ವಿಷಯ ಬೇರೆ. ಅದಕ್ಕೆ ನಾನು ಅಷ್ಟು ಗಟ್ಟಿಯಾಗಿ ವಾದಿಸಲಾರೆ.

ವಿರೋಧ: ನನ್ನ ಕೈ ಹಣೆಗೆ ಹೋಯಿತು

ಸ್ಮಾರಕದ ಮಾತು ಬಿಡಿ, ಅದನ್ನು ಒಡೆಯಿರಿ ಎಂದು ನಾನು ಹೇಳುತ್ತಿಲ್ಲ. ದೇವರನ್ನು ಕಂಡರೆ ಆಗದವರು ಅನ್ನುವ ಮಾತು ಮಾತ್ರ ಸುಳ್ಳು. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಬೇಕು ಎಂದು 1802ರಲ್ಲಿ ಆಗಿನ ಅಧ್ಯಕ್ಷ ಜೆಫರ್ಸನ್ ಬರೆದದ್ದು ಯಾರಿಗೆ? ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಅವರೂ ಕ್ರೈಸ್ತರೇ. ಆ ರಾಜ್ಯದ ಬೆಂಬಲ ಇನ್ನೊಂದು ಚರ್ಚಿಗಿತ್ತು, ಅದೇ ಇವರ ಚಿಂತೆ.

ಕೆಂಟುಕಿ ರಾಜ್ಯದ ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ ದಶಾಜ್ಞೆ ತೂಗುಹಾಕುವ ಕಾನೂನು ಇತ್ತು. ಫಲಕಕ್ಕೆ ದಾನದ ಹಣ, ಸರ್ಕಾರದ್ದಲ್ಲ ಅಂದರೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, 1980ರಲ್ಲಿ ರದ್ದು ಮಾಡಿತು. 2024ರಲ್ಲಿ ಲೂಸಿಯಾನಾ ಮತ್ತೆ ಅಂಥದ್ದೇ ಕಾನೂನು ತಂದಿತು. ಶಾಲೆಗೆ ಮಗು ಬರಲೇಬೇಕು. ನೋಡದೆ ಎಲ್ಲಿಗೆ ಹೋಗುತ್ತದೆ?

ಮಗು ಯಾಕೆ, ನನ್ನದೇ ಹೇಳುತ್ತೇನೆ. ಅಮೆರಿಕದಲ್ಲಿದ್ದಾಗ ಒಮ್ಮೆ ಜಾಸ್ತಿ ಸ್ಪೀಡಲ್ಲಿ ಕಾರು ಓಡಿಸಿ ಸಿಕ್ಕಿಬಿದ್ದೆ. ಒಂದು ಚಿಕ್ಕ ಊರಿನ ಕೋರ್ಟಿಗೆ ಹೋಗಬೇಕಾಯಿತು. ಬಾಗಿಲ ಪಕ್ಕದಲ್ಲೇ ಗಾಜು ಹಾಕಿದ ಚೌಕಟ್ಟು, ಅದರಲ್ಲಿ ದಶಾಜ್ಞೆ. ಮೊದಲ ಮಾತೇ, ನಾನಲ್ಲದೆ ನಿನಗೆ ಬೇರೆ ದೇವರು ಇರಬಾರದು. ಓದುತ್ತಾ ನಿಂತಿದ್ದೆ. ಕೈ ತಾನಾಗಿ ಹಣೆಗೆ ಹೋಯಿತು. ಕರ್ಚೀಫು ತೆಗೆದು ಕುಂಕುಮ ಒರೆಸಿಕೊಂಡೆ.

ಯಾರೂ ಒರೆಸು ಅನ್ನಲಿಲ್ಲ. ಜಡ್ಜ್ ಒಳ್ಳೆಯವರೇ, ದಂಡ ಸ್ವಲ್ಪ ಇಳಿಸಿದರು. ಆದರೆ ತೀರ್ಪು ಹೇಳುವ ಮನೆಯೇ ತನ್ನ ದೇವರು ಯಾರೆಂದು ಮೊದಲೇ ಹೇಳಿಬಿಟ್ಟರೆ, ಒಳಗೆ ನಿಂತವಳಿಗೆ ಹೆದರಿಕೆ ಆಗಲ್ವಾ? ದಂಡ ಕಟ್ಟಿ ಹೊರಗೆ ಬಂದೆ. ಕಾರಿನ ಬಾಗಿಲು ಹಾಕಿಕೊಂಡ ಮೇಲೆಯೇ ಮತ್ತೆ ಕುಂಕುಮ ಇಟ್ಟುಕೊಂಡದ್ದು.