ಎಡಗಿವಿಯ ಮೇಲಿನ ರಾಜಕೀಯ

ಸ್ಕಾಟ್ಲೆಂಡಿನ ಹಳೆಯ ಕಾಲದ ನೀಲಿ ಬಾನೆಟ್ ಟೋಪಿಯನ್ನು ಸಂಪಾದಿಸುವುದು ಕಷ್ಟದ ಕೆಲಸವೇನಲ್ಲ. ತಲೆಯ ಸುತ್ತಳತೆ ಗೊತ್ತಿದ್ದು, ಜೇಬಿನಲ್ಲಿ ಒಂದಿಷ್ಟು ಪೌಂಡುಗಳಿದ್ದರೆ ಸಾಕು. ತೊಡಕು ಇರುವುದೆಲ್ಲ ಎಡಗಿವಿಯ ಮೇಲ್ಭಾಗದಲ್ಲಿ, ರಿಬ್ಬನ್ನನ್ನು ಮಡಿಚಿ ಮಡಿಚಿ ದುಂಡಗೆ ಹೊಲಿದು ಟೋಪಿಗೆ ಸಿಕ್ಕಿಸುವ ಕಾಕೇಡ್ ಎಂಬ ಎರಡಂಗುಲದ ಅಲಂಕಾರದಲ್ಲಿ. ಅದರ ಬಣ್ಣವನ್ನು ನೋಡಿಯೇ ಒಂದು ಕಾಲದಲ್ಲಿ ಎದುರಿಗಿದ್ದವನನ್ನು ಅಪ್ಪಿಕೊಳ್ಳಬೇಕೋ ಇರಿಯಬೇಕೋ ಎಂದು ತೀರ್ಮಾನಿಸುತ್ತಿದ್ದರು.

ಎಡಿನ್‌ಬರೋದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಹೊಟ್ಟೆ ಹೊರೆಯುವ ನನಗೆ ಈ ಚಿಂತೆ ಅಂಟಿಕೊಂಡದ್ದು ಸಹೋದ್ಯೋಗಿಯೊಬ್ಬನ ಮದುವೆಯ ನೆಪದಿಂದ. ಮದುವೆ ಇನ್‌ವರ್ನೆಸ್ ಪಟ್ಟಣದ ಬಳಿ, ಅತಿಥಿಗಳು ಹೈಲ್ಯಾಂಡ್ ಎಂಬ ಉತ್ತರದ ಬೆಟ್ಟಸೀಮೆಯ ಹದಿನೆಂಟನೆಯ ಶತಮಾನದ ಉಡುಪಿನಲ್ಲಿ ಬಂದರೆ ಸಂತೋಷ ಎಂಬ ಒಕ್ಕಣೆ ಬೇರೆ. ವರ ಕ್ಯಾಮರನ್ ಮನೆತನದವನು, ವಧು ಕ್ಯಾಂಪ್‌ಬೆಲ್ ಮನೆತನದವಳು. ಈ ಎರಡು ಹೆಸರುಗಳನ್ನು ಒಂದೇ ಲಗ್ನಪತ್ರಿಕೆಯಲ್ಲಿ ಕಂಡು ಹುಬ್ಬೇರಿಸುವ ಹಿರಿಯರು ಅಲ್ಲಿ ಈಗಲೂ ಇದ್ದಾರೆ.

ಅದಕ್ಕೆ ಕಾರಣವುಂಟು. 1745ರಲ್ಲಿ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ತನ್ನ ತಂದೆಗೆ ಬ್ರಿಟನ್ನಿನ ಸಿಂಹಾಸನವನ್ನು ಮರಳಿ ಕೊಡಿಸುತ್ತೇನೆಂದು ಗ್ಲೆನ್‌ಫಿನ್ನನ್ ಎಂಬಲ್ಲಿ ಧ್ವಜ ಏರಿಸಿದಾಗ ಕ್ಯಾಮರನ್ನರು ನೂರಾರು ಸಂಖ್ಯೆಯಲ್ಲಿ ಬಂದು ಅವನ ಬೆನ್ನಿಗೆ ನಿಂತರು. ಈ ಜ್ಯಾಕೊಬೈಟ್ ಪಕ್ಷದ ಗುರುತು ಬಿಳಿಯ ಕಾಕೇಡ್. ಕ್ಯಾಂಪ್‌ಬೆಲ್ಲರಾದರೋ ಜರ್ಮನಿಯ ಹ್ಯಾನೋವರಿನಿಂದ ಬಂದ ಜಾರ್ಜ್ ದೊರೆಯ ಸರ್ಕಾರದ ಪಕ್ಷ; ಅವರದು ಕಪ್ಪು. 1746ರ ಏಪ್ರಿಲ್ 16ರಂದು, ಇನ್‌ವರ್ನೆಸ್ಸಿನ ಮಗ್ಗುಲಲ್ಲೇ ಇರುವ ಕಲೋಡೆನ್ ಬಯಲಿನಲ್ಲಿ ಇವರು ಎದುರುಬದುರಾದಾಗ ಎರಡೂ ಕಡೆಯಲ್ಲಿ ಟಾರ್ಟನ್ ಎಂಬ ಚೌಕುಳಿ ಬಟ್ಟೆ ತೊಟ್ಟ, ಗೇಲಿಕ್ ಮಾತನಾಡುವ ಹೈಲ್ಯಾಂಡರುಗಳಿದ್ದರು. ಮನೆತನಕ್ಕೊಂದು ಟಾರ್ಟನ್ ಎಂಬ ಕಟ್ಟುನಿಟ್ಟೆಲ್ಲ ಹತ್ತೊಂಬತ್ತನೆಯ ಶತಮಾನದ ಬೆಳವಣಿಗೆಯಾದುದರಿಂದ, ಗುರುತು ಹಿಡಿಯಲು ಬಟ್ಟೆ ನೆಚ್ಚುವಂತಿರಲಿಲ್ಲ, ಟೋಪಿಯನ್ನೇ ನೋಡಬೇಕಿತ್ತು. ಗದ್ದಲದಲ್ಲಿ ಟೋಪಿ ಕಳೆದುಕೊಂಡವನ ಗತಿಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಉಡುಪು ಬಾಡಿಗೆಗೆ ಕೊಡುವ ಅಂಗಡಿಯಾತನಿಗೆ ಇಂಥ ತಳಮಳವೇನೂ ಇರಲಿಲ್ಲ. “ಕಪ್ಪು ಎಲ್ಲದಕ್ಕೂ ಹೊಂದುತ್ತದೆ ಸರ್” ಎಂದು ಕಪ್ಪು ರೇಷ್ಮೆಯ ಕಾಕೇಡ್ ಇದ್ದ ಬಾನೆಟ್ಟನ್ನು ಮುಂದಿಟ್ಟ. ಅಂಗಡಿಯ ಗೋಡೆಯನ್ನು ದಿಟ್ಟಿಸಿದರೆ ಬಾಲ್ಮೋರಲ್ ಇರಲಿ, ಗ್ಲೆನ್‌ಗ್ಯಾರಿ ಇರಲಿ, ಸಾಲುಸಾಲಾಗಿ ನೇತುಹಾಕಿದ್ದ ಎಲ್ಲ ಟೋಪಿಗಳ ಎಡಭಾಗದಲ್ಲೂ ಕಪ್ಪು ರಿಬ್ಬನ್ನೇ. ಕಲೋಡೆನ್ ಆದಮೇಲೆ ಸರ್ಕಾರವು ಕಾಯ್ದೆಯೊಂದನ್ನು ಮಾಡಿ, 1747ರಿಂದ 1782ರವರೆಗೆ ಹೈಲ್ಯಾಂಡಿನ ಗಂಡಸರು ಕಿಲ್ಟ್ ಎಂಬ ನೆರಿಗೆಯ ಲಂಗವನ್ನು, ಪ್ಲೇಡ್ ಎಂಬ ಹೊದಿಕೆಯನ್ನು ತೊಡುವುದನ್ನೇ ನಿಷೇಧಿಸಿತ್ತು. ವಿನಾಯಿತಿ ಇದ್ದದ್ದು ದೊರೆಯ ಸೈನಿಕರಿಗೆ ಮಾತ್ರ, ಆ ಸೈನಿಕರ ಕಾಕೇಡ್ ಕಪ್ಪು. ಹೀಗಿರುವಾಗ ಮುಂದಿನವರಿಗೆ ಕಪ್ಪೇ ಪರಂಪರೆಯಾಗಿ ಕಂಡದ್ದರಲ್ಲಿ ಸೋಜಿಗವಿಲ್ಲ. ಇಂದು ಬಿಳಿಗಾಗಿ ಪ್ರಾಣ ಕೊಟ್ಟವರ ಮೊಮ್ಮಕ್ಕಳ ಮೊಮ್ಮಕ್ಕಳು ಆ ಕಪ್ಪು ರಿಬ್ಬನ್ನಿನ ಮೇಲೆಯೇ ತಮ್ಮ ಮನೆತನದ ಬೆಳ್ಳಿಯ ಬಿಲ್ಲೆಯನ್ನು ಚುಚ್ಚಿಕೊಂಡು, ಎದೆಯುಬ್ಬಿಸಿ ಕಲೋಡೆನ್ನಿನ ಬಯಲಿಗೆ ಹೂ ಇಡಲು ಹೋಗುತ್ತಾರೆ. ಇದನ್ನು ನಾನು ಸಹೋದ್ಯೋಗಿಗೆ ವಿವರಿಸಿದಾಗ ಅವನು ತನ್ನ ಟೋಪಿಯನ್ನು ತೆಗೆದು ಬಹಳ ಹೊತ್ತು ನೋಡಿ, “ನೀನು ಇದನ್ನು ಮದುವೆಯಾದಮೇಲೆ ಹೇಳಬಹುದಿತ್ತು” ಎಂದ.

ಬೇರೆ ಬಣ್ಣ ಆರಿಸೋಣವೆಂದರೆ ಒಂದೊಂದರ ಹಿಂದೆಯೂ ಒಂದೊಂದು ಜಗಳ. ಹಸಿರು ಕಟ್ಟಿದರೆ ಗ್ಲಾಸ್ಗೋದಲ್ಲಿ ಸೆಲ್ಟಿಕ್ ಫುಟ್‌ಬಾಲ್ ತಂಡದವನು, ಕಡುನೀಲಿ ಕಟ್ಟಿದರೆ ರೇಂಜರ್ಸ್ ತಂಡದವನು. ಕೆಂಪು ಕಟ್ಟಿದರೆ ಲೇಬರ್ ಪಕ್ಷದ ಅಭ್ಯರ್ಥಿ ಮತ ಕೇಳಲು ಬಂದಂತೆ. ಗರಿ ಸಿಕ್ಕಿಸೋಣವೇ ಎಂದರೆ, ಹದ್ದಿನ ಮೂರು ಗರಿ ಕುಲದ ಮುಖ್ಯಸ್ಥನಿಗೆ ಮೀಸಲು. ಒಂದು ಗರಿಗೂ ಅಧಿಕೃತ ವಂಶಲಾಂಛನ ಬೇಕು. ಶಕ್ತಿ ಹೆಚ್ಚೋ ಶಿವ ಹೆಚ್ಚೋ ಎಂದು ಕಲ್ಗಿ ಮತ್ತು ತುರಾಯಿ ಪಂಗಡಗಳು ರಾತ್ರಿಯಿಡೀ ಲಾವಣಿಯಲ್ಲಿ ವಾದಿಸುವ ಸೀಮೆಯಿಂದ ಬಂದ ನನಗೆ, ತಲೆಯ ಮೇಲಿನ ಅಲಂಕಾರವೊಂದು ಪಕ್ಷವಾಗುವುದು ಹೊಸದೇನಲ್ಲ. ಆದರೆ ಅಲ್ಲಿ ಬೆಳಗಾದರೆ ಎಲ್ಲರೂ ಕೂಡಿ ಚಹಾ ಕುಡಿಯುತ್ತಾರೆ.

ಕಡೆಗೆ ಬಿಳಿಯೇ ಸರಿ ಎಂದು ನಿಶ್ಚಯಿಸಿದೆ. ಕರೆದವನು ಕ್ಯಾಮರನ್, ಉಣ್ಣುವುದು ಅವನ ಮನೆಯ ಅನ್ನ. ಅಂಗಡಿಯಲ್ಲಿ ಬಿಳಿ ಕಾಕೇಡ್ ಇಲ್ಲದ್ದರಿಂದ ನನ್ನ ಹೆಂಡತಿ ಒಂದು ಗಜ ಬಿಳಿ ರಿಬ್ಬನ್ ತಂದು, ಸೀರೆಯ ನೆರಿಗೆ ಹಿಡಿದು ಪಳಗಿದ ಬೆರಳುಗಳಿಂದ ಅದನ್ನು ಮಡಿಕೆ ಹಾಕುತ್ತ ಹೋಗಿ, ನಡುವೆ ನಾಲ್ಕು ಹೊಲಿಗೆ ಬಿಗಿದು ಚೊಕ್ಕವಾದ ಕಾಕೇಡೊಂದನ್ನು ಮಾಡಿದಳು. ಅಂಗಡಿಯ ಕಪ್ಪನ್ನು ಬಿಚ್ಚಿ ಜೋಪಾನವಾಗಿ ಡಬ್ಬಿಯಲ್ಲಿಟ್ಟು, ಇದನ್ನು ಸಿಕ್ಕಿಸಿದ್ದಾಯಿತು.

ಮದುವೆಯ ದಿನ ಕಾರಿನಿಂದ ಇಳಿದು ಚರ್ಚಿನ ಬಾಗಿಲು ತಲುಪುವುದರೊಳಗೆ ಮಳೆ ಹಿಡಿಯಿತು. ಅದೂ ಸ್ಕಾಟ್ಲೆಂಡಿನ ಅಡ್ಡಮಳೆ, ಕೊಡೆಗೆ ಸೊಪ್ಪು ಹಾಕದ ಮಳೆ. ಒಳಗೆ ಹೋಗಿ ಟೋಪಿ ತೆಗೆದು ನೋಡಿದರೆ, ಉಣ್ಣೆಯ ನೀಲಿಯೆಲ್ಲ ಇಳಿದು ನನ್ನ ಹಣೆಯನ್ನೂ ಕಾಕೇಡನ್ನೂ ಒಂದೇ ಸಮನೆ ತೋಯಿಸಿತ್ತು. ಬಿಳಿಯ ಸುಳಿವೇ ಇರಲಿಲ್ಲ. ನೀಲಿ ರಿಬ್ಬನ್ ಎಂದರೆ ಕವನೆಂಟರುಗಳ ಗುರುತು. 1638ರಲ್ಲಿ ಎಡಿನ್‌ಬರೋದ ಗ್ರೇಫ್ರೈಯರ್ಸ್ ಚರ್ಚಿನಲ್ಲಿ ಕವನೆಂಟ್ ಎಂಬ ಒಡಂಬಡಿಕೆಗೆ ಸಹಿ ಹಾಕಿ, ಚಾರ್ಲ್ಸ್ ಎಡ್ವರ್ಡನ ಮುತ್ತಜ್ಜನಾದ ಒಂದನೆಯ ಚಾರ್ಲ್ಸನ ವಿರುದ್ಧ ತಿರುಗಿಬಿದ್ದ ಪ್ರೆಸ್ಬಿಟೇರಿಯನ್ನರು ಅವರು. ಸ್ಟುವರ್ಟರ ಪಕ್ಷಪಾತಿಯಾಗಿ ಕಾರಿನಿಂದ ಇಳಿದವನು ಅವರ ಬದ್ಧವೈರಿಯಾಗಿ ಚರ್ಚನ್ನು ಹೊಕ್ಕಿದ್ದೆ.

ಕ್ಯಾಮರನ್ನರು ನನ್ನ ಹಣೆಯನ್ನು ನೋಡಿ ಸುಮ್ಮನಾದರು, ಕ್ಯಾಂಪ್‌ಬೆಲ್ಲರು ಕರವಸ್ತ್ರ ಕೊಟ್ಟರು. ಸ್ಕಾಟ್ಲೆಂಡ್ ಚರ್ಚಿನ ವೃದ್ಧ ಪಾದ್ರಿಯೊಬ್ಬರು ಮಾತ್ರ ಹತ್ತಿರ ಬಂದು, ಕಾಕೇಡನ್ನು ಕನ್ನಡಕದ ಅಂಚಿನಿಂದ ಪರೀಕ್ಷಿಸಿ, ಮುಖವರಳಿಸಿ, ನಮ್ಮ ಮನೆತನದವರು ಕವನೆಂಟಿನ ಪಕ್ಷದಲ್ಲಿ ಎಷ್ಟು ಕಾಲದಿಂದ ಇದ್ದಾರೆಂದು ನನ್ನ ಹೆಂಡತಿಯನ್ನು ವಿನಯದಿಂದ ವಿಚಾರಿಸಿದರು.

“ಕಾರು ನಿಲ್ಲಿಸಿದಾಗಿನಿಂದ” ಎಂದಳು.