ನಿವೃತ್ತಿ ಇಲ್ಲದ ಚಪ್ಪಲಿ

ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಚಪ್ಪಲಿಯನ್ನು ಯಾರೂ ಒಂದೇ ಸಲಕ್ಕೆ ಬಿಸಾಡುವುದಿಲ್ಲ. ಅದಕ್ಕೆ ಹಿಂಬಡ್ತಿ ಕೊಡುತ್ತಾರೆ, ಅಷ್ಟೆ. ಹೊಸತರಲ್ಲಿ ಮದುವೆ, ಮುಂಜಿ, ಬ್ಯಾಂಕು. ಬಣ್ಣ ಮಾಸಿದ ಮೇಲೆ ಪೇಟೆ. ಆಮೇಲೆ ಹಿತ್ತಿಲು. ಕೊನೆಗೆ ಅಡಿಕೆ ತೋಟ. ತೋಟಕ್ಕೆ ಇಳಿದದ್ದು ಮತ್ತೆ ಜಗಲಿಯ ಹತ್ತಿರ ಬರುವ ಹಾಗಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಮೈಲುತುತ್ತು, ಸುಣ್ಣದ ನೀರು ಬಿದ್ದು ನೀಲಿಯಾಯಿತೋ, ಅದನ್ನು ನಾಯಿ ಕೂಡ ಕಚ್ಚುವುದಿಲ್ಲ.

ನನ್ನ ಕಂದು ಚರ್ಮದ ಚಪ್ಪಲಿ ಈ ಮೆಟ್ಟಿಲುಗಳನ್ನು ಬಹಳ ನಿಧಾನವಾಗಿ ಇಳಿಯಿತು. ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದಾಗ ಕೊಂಡದ್ದು. ನಾನು ನಿವೃತ್ತನಾದೆ, ಅದು ಆಗಲಿಲ್ಲ. ಹೆಬ್ಬೆರಳು ಕೂರುವಲ್ಲಿ ಒಂದು ಗುಳಿ ಬಿದ್ದಿತ್ತು, ಕಪ್ಪಗೆ, ನುಣ್ಣಗೆ. ಬಲಗಾಲಿನದರ ಹಿಮ್ಮಡಿ ಹೊರಬದಿಗೆ ಸವೆದಿತ್ತು, ಎಡಗಾಲಿನದು ಅಷ್ಟಿಲ್ಲ. ನನ್ನ ನಡಿಗೆ ಸ್ವಲ್ಪ ವಾರೆ ಅಂತ ಹೆಂಡತಿ ಹೇಳಿದಾಗ ನಂಬಿರಲಿಲ್ಲ. ಚಪ್ಪಲಿ ಮಗುಚಿ ನೋಡಿದ ಮೇಲೆ ವಾದ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಬಯಲಾಟ ಮುಗಿದು ಬೆಳಗಿನ ಜಾವ ಎಲ್ಲರೂ ಚಪ್ಪಲಿ ರಾಶಿಯಲ್ಲಿ ಟಾರ್ಚು ಹಿಡಿದು ತಡಕುವಾಗ ನಾನು ಸುಮ್ನೆ ಕಾಲು ತೂರಿಸುತ್ತಿದ್ದೆ. ಆ ಗುಳಿ ಸಿಕ್ಕಿದರೆ ಅದು ನನ್ನದು.

ನಮ್ಮ ಊರಿನಲ್ಲಿ ಚಪ್ಪಲಿಗೆ ಶತ್ರುಗಳು ಜಾಸ್ತಿ. ಬೇಸಿಗೆಯಲ್ಲಿ ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮುರಕಲ್ಲು ಅಟ್ಟೆಯನ್ನು ಹೆರೆಮಣೆಯ ಹಾಗೆ ಹೆರೆಯುತ್ತದೆ. ಜೂನ್ ಬಂತೆಂದರೆ ಮಳೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಊರಿನಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಎರಡು ದಿನ ಹಾಕದಿದ್ದರೆ ಬಾರಿನ ಮೇಲೆ ಬಿಳಿ ಹುಡಿ. ಒಲೆಯ ಹತ್ತಿರ ಒಣಗಿಸಿದರೆ ಚರ್ಮ ಸೆಟೆದುಕೊಂಡು ಬಿರಿಯುತ್ತದೆ. ಹಾಗಾಗಿ ಮಳೆಗಾಲಕ್ಕೆ ರಬ್ಬರಿನದು ಬೇರೆ, ಬೇಸಿಗೆಗೆ ಚರ್ಮದ್ದು ಬೇರೆ.

ಉಂಗುಷ್ಟ ಕಿತ್ತಾಗಲೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರೊಬ್ಬರ ಬಳಿ ಹೋಗುತ್ತಿದ್ದೆ. ಮಳೆಗಾಲದಲ್ಲಿ ಅವರು ಕೊಡೆಯನ್ನೂ ರಿಪೇರಿ ಮಾಡುತ್ತಾರೆ. ಮೊದಲು ಬಾರು ಹೋಯಿತು, ಹೊಸತು ಹಾಕಿದರು. ಮತ್ತೆ ಅಟ್ಟೆ ಹೋಯಿತು, ಟಯರಿನ ತುಂಡು ಕೊಯ್ದು ಹೊಲಿದರು. ಕೊನೆಯ ಸಲ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅಂದರು, "ಮಾಷ್ಟ್ರೇ, ಅಟ್ಟೆ ನನ್ನದು, ಬಾರು ನನ್ನದು, ನೂಲು ನನ್ನದು. ನಿಮ್ಮದು ಇದರಲ್ಲಿ ಏನುಂಟು?"

ಇಷ್ಟರ ನಡುವೆ ಮಗಳು ಒಂದು ಒಳ್ಳೆಯ ಜೋಡಿ ತಂದುಕೊಟ್ಟಿದ್ದಳು. ಹಾಳಾಗಬಾರದು ಅಂತ ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ಕೆಲವು ವರ್ಷ ಕಳೆದು ಒಂದು ಮದುವೆಗೆ ಹಾಕಿಕೊಂಡು ಹೊರಟರೆ, ಊಟದ ಪಂಕ್ತಿ ತಲುಪುವ ಮೊದಲೇ ಅಟ್ಟೆ ಪುಡಿಪುಡಿಯಾಗಿ ದಾರಿಯುದ್ದಕ್ಕೂ ಉದುರಿತು. ಪಾಲಿಯುರೆಥೇನ್ ಅಟ್ಟೆಗೆ ಗಾಳಿಯ ತೇವವೇ ಸಾಕಂತೆ. ಹಾಕದೆ ಇಟ್ಟರೂ ಒಳಗಿಂದೊಳಗೇ ಸಡಿಲವಾಗುತ್ತಾ ಬರುತ್ತದೆ. ಹಳೆಯ ಟಯರಿನ ಅಟ್ಟೆಯ ಮೇಲೆ ನನಗೆ ಗೌರವ ಇನ್ನೂ ಹೆಚ್ಚಿತು.

ಹೆಂಡತಿಗೆ ಹೆಚ್ಚಲಿಲ್ಲ. ಅವಳು ತಾಳಮದ್ದಳೆ ಕೇಳಿ ಬೆಳೆದವಳು. ಒಂದು ದಿನ ಜಗಲಿಯಲ್ಲಿ ನಿಂತು ಕೇಳಿದಳು, "ಭರತನಾದರೂ ಪಾದುಕೆಯನ್ನು ಹದಿನಾಲ್ಕು ವರ್ಷಕ್ಕೆ ಬಿಟ್ಟ. ನಿಮ್ಮದು ಯಾವಾಗ?"

ಬಿಡುವುದಾದರೂ ಎಲ್ಲಿ? ಹಿಂದೆ ಬಚ್ಚಲ ಒಲೆಗೆ ಹಾಕಿದರಾಯಿತು, ಇಲ್ಲವೇ ತೋಡಿನ ಬದಿಗೆ ಎಸೆದರಾಯಿತು. ಈಗ ಹಾಗಿಲ್ಲ, ದಂಡ ಬೀಳುತ್ತದೆ. ಪಂಚಾಯತಿನ ಹರಿತ ಕರ್ಮಸೇನೆಯ ಹೆಂಗಸರು ಹಸಿರು ಕೋಟು ಹಾಕಿಕೊಂಡು ಮನೆಮನೆಗೆ ಬರುತ್ತಾರೆ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದು, 50 ರೂಪಾಯಿ ತೆಗೆದುಕೊಂಡು, ಪ್ಲಾಸ್ಟಿಕ್ಕು ಒಯ್ಯುತ್ತಾರೆ. ಚಪ್ಪಲಿ, ಬ್ಯಾಗಿನಂಥದ್ದಕ್ಕೆ ಬೇರೆ ತಿಂಗಳು. ಯಾವುದೇ ಆದರೂ ತೊಳೆದು ಒಣಗಿಸಿ ಕೊಡಬೇಕು. ಇದು ಅವರ ಒಂದೇ ಹಟ, ನ್ಯಾಯವಾದದ್ದೇ. ನಮ್ಮ ಕೊಳೆಯನ್ನು ಅವರು ಯಾಕೆ ಮುಟ್ಟಬೇಕು?

ಹಾಗೆ ಚಪ್ಪಲಿಗೆ ಅದರ ಜೀವಮಾನದಲ್ಲೇ ಕಾಣದ ಸ್ನಾನವಾಯಿತು. ತೆಂಗಿನ ನಾರಿನಲ್ಲಿ ಉಜ್ಜಿದೆ. ಮಣ್ಣು ಹೋಯಿತು, ಬೂಷ್ಟು ಹೋಯಿತು, ಕಂದು ಬಣ್ಣ ಅಲ್ಲಲ್ಲಿ ಹೊರಗೆ ಬಂತು. ಬಿಸಿಲಿಗೆ ಇಟ್ಟು ನೋಡಿದರೆ ಇನ್ನೂ ಒಂದು ಮಳೆಗಾಲ ತೋಟದಲ್ಲಿ ಓಡಬಹುದಿತ್ತು.

ಚೀಲ ಹಿಡಿದು ಬಂದಾಕೆಗೂ ಹಾಗೇ ಅನ್ನಿಸಿರಬೇಕು. "ಮಾಷೇ, ಇದು ಇನ್ನೂ ಹಾಕಬಹುದಲ್ಲಾ?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಎರಡನ್ನೂ ಚೀಲಕ್ಕೆ ಹಾಕಿಯಾಗಿತ್ತು. ರಶೀದಿ ಮಾತ್ರ ನನ್ನ ಕೈಗೆ ಕೊಟ್ಟಳು. ಮಲಯಾಳದಲ್ಲಿತ್ತು.