ಬಾಯಿ ಬಿಡದ ವೀರರ ಪುಸ್ತಕ ಮಳಿಗೆ

2011ರ ಮೇ 2ರ ನಸುಕಿನಲ್ಲಿ ಅಮೆರಿಕದ ಕಮಾಂಡೋಗಳು ಪಾಕಿಸ್ತಾನದ ಅಬೊಟ್ಟಾಬಾದ್‌ನ ಮನೆಯೊಂದಕ್ಕೆ ನುಗ್ಗಿ ಒಸಾಮಾ ಬಿನ್ ಲಾಡೆನ್‌ನನ್ನು ಕೊಂದರು. ಮರುದಿನವೇ ಡಿಸ್ನಿ ಕಂಪನಿ ‘ಸೀಲ್ ಟೀಮ್ 6’ ಅನ್ನೋ ಹೆಸರಿನ ಟ್ರೇಡ್‌ಮಾರ್ಕ್ ತನಗೆ ಬೇಕು ಅಂತ ಅರ್ಜಿ ಗುಜರಾಯಿಸಿತು. ಯಾತಕ್ಕೆ ಅಂತೀರಾ? ಅರ್ಜಿಯಲ್ಲೇ ಪಟ್ಟಿ ಇತ್ತು. ಬಟ್ಟೆ, ಚಪ್ಪಲಿ, ಟೋಪಿ, ಮಕ್ಕಳ ಆಟದ ಸಾಮಾನು, ಕ್ರಿಸ್‌ಮಸ್ ಮರಕ್ಕೆ ತೂಗುಹಾಕೋ ಅಲಂಕಾರ, ಅಲ್ಲಾಡಿಸಿದರೆ ಒಳಗೆ ಹಿಮ ಉದುರೋ ಗಾಜಿನ ಗೋಲ. ಆ ಮನೆಗೆ ನುಗ್ಗಿದ್ದು ಇದೇ ತಂಡ. ಸೀಲ್ ಅಂದ್ರೆ ಅಮೆರಿಕದ ನೌಕಾಪಡೆಯ ಕಮಾಂಡೋ. ಪೆಂಟಗನ್, ಅಂದ್ರೆ ಅಲ್ಲಿನ ರಕ್ಷಣಾ ಇಲಾಖೆ, ಬಾಯಿ ಬಿಟ್ಟು ಹೆಸರು ಹೇಳದ ತಂಡ ಅದು. ಸರ್ಕಾರಿ ಕಾಗದದಲ್ಲಿ ಅದೊಂದು ‘ಡೆವಲಪ್‌ಮೆಂಟ್ ಗ್ರೂಪ್’ ಅಷ್ಟೇ. ಜನ ಉಗಿದರು. ನೌಕಾಪಡೆ ‘ಸೀಲ್ ಟೀಮ್’ ಹೆಸರಿಗೆ ತಾನೇ ಅರ್ಜಿ ಹಾಕಿತು. ನೌಕಾಪಡೆಯ ಮೇಲಿನ ಗೌರವದಿಂದ ಹಿಂದೆ ಸರಿಯುತ್ತೇವೆ ಅಂತ ಡಿಸ್ನಿ ಹೇಳಿತು. ಗೌರವಕ್ಕೆ ಮೂರು ವಾರ ಬೇಕಾಯಿತು, ಇರಲಿ.

ಆ ‘6’ ಕೂಡ ಒಂದು ಗುಟ್ಟೇ. 1980ರಲ್ಲಿ ರಿಚರ್ಡ್ ಮಾರ್ಸಿಂಕೊ ಈ ತಂಡ ಕಟ್ಟಿದಾಗ ಇದ್ದದ್ದು ಎರಡೇ ಸೀಲ್ ಟೀಮ್. ಉಳಿದವು ಎಲ್ಲಿ ಅಡಗಿವೆ ಅಂತ ಸೋವಿಯತ್‌ನವರು ತಲೆ ಕೆರೆದುಕೊಳ್ಳಲಿ ಅಂತ ನೇರವಾಗಿ ಆರಕ್ಕೆ ಹಾರಿದರು. ಅಷ್ಟು ಜಾಣ ಮನುಷ್ಯ ಮುಂದೆ ಸರ್ಕಾರಕ್ಕೆ ಮೋಸ ಮಾಡುವ ಸಂಚಿನ ಕೇಸಿನಲ್ಲಿ ಜೈಲಿಗೆ ಹೋದರು. 1992ರಲ್ಲಿ ಆತ್ಮಕಥೆ ಬರೆದರು. ಬಿಸಿ ದೋಸೆಯಂತೆ ಖರ್ಚಾಯಿತು. ದಾರಿ ತೋರಿಸಿಕೊಟ್ಟ ಗುರು ಅಂದ್ರೆ ಹೀಗಿರಬೇಕು.

ಭೂಸೇನೆಯವರಿಗೆ 1977ರಿಂದಲೇ ಡೆಲ್ಟಾ ಫೋರ್ಸ್ ಅನ್ನೋ ತಮ್ಮದೇ ಕಮಾಂಡೋ ತಂಡ ಇತ್ತು. ಇರಾನಿನಲ್ಲಿ ಒತ್ತೆಯಾಗಿದ್ದ ಅಮೆರಿಕನ್ನರನ್ನು ಬಿಡಿಸಲು 1980ರ ಏಪ್ರಿಲ್‌ನಲ್ಲಿ ಅವರನ್ನು ಕಳಿಸಿದರು. ಕಮಾಂಡೋಗಳು ಭೂಸೇನೆಯವರು, ಹೆಲಿಕಾಪ್ಟರ್ ನೌಕಾಪಡೆಯದ್ದು, ಓಡಿಸೋರು ಮರೀನ್‌ಗಳು, ವಿಮಾನ ವಾಯುಪಡೆಯದ್ದು. ಊಟಕ್ಕೆ ಎಲ್ಲರಿಗೂ ಎಲೆ ಹಾಕಲೇಬೇಕಲ್ವಾ! ಎಂಟು ಹೆಲಿಕಾಪ್ಟರ್‌ಗಳಲ್ಲಿ ಕೊನೆಗೆ ಸರಿಯಾಗಿ ಉಳಿದದ್ದು ಐದು. ಬೇಕಿದ್ದದ್ದು ಆರು. ವಾಪಸ್ ಹೊರಡುವಾಗ ಒಂದು ಹೆಲಿಕಾಪ್ಟರ್ ವಿಮಾನಕ್ಕೆ ಬಡಿದು, ಶತ್ರುವಿನ ಮುಖ ನೋಡದೆಯೇ ಎಂಟು ಮಂದಿ ಮರಳುಗಾಡಿನಲ್ಲಿ ಸತ್ತರು. ಏಳು ವರ್ಷದ ಮೇಲೆ ಎಲ್ಲ ಪಡೆಗಳಿಗೂ ಸೇರಿ ಒಂದು ವಿಶೇಷ ಕಮಾಂಡ್ ಮಾಡಿದರು. ಕಚೇರಿ ಒಂದಾಯಿತು. ನೀ ಹೆಚ್ಚೋ ನಾ ಹೆಚ್ಚೋ ಹಾಗೇ ಉಳಿಯಿತು.

ಅಬೊಟ್ಟಾಬಾದ್ ನಂತರ ಜಗಳ ಸೀಲ್‌ಗಳ ಮನೆಯೊಳಕ್ಕೇ ಬಂತು. 2012ರಲ್ಲಿ ಆ ದಾಳಿಗೆ ಹೋಗಿದ್ದ ಮ್ಯಾಟ್ ಬಿಸೊನೆಟ್ ಸುಳ್ಳು ಹೆಸರಲ್ಲಿ ಅದರ ಪುಸ್ತಕ ಬರೆದರು. ಹಸ್ತಪ್ರತಿಯನ್ನು ಮೊದಲೇ ಪೆಂಟಗನ್‌ಗೆ ತೋರಿಸಲಿಲ್ಲ ಅಂತ ಕೇಸಾಗಿ, 2016ರಲ್ಲಿ 60 ಲಕ್ಷ ಡಾಲರ್‌ಗೂ ಜಾಸ್ತಿ ಗಳಿಕೆಯನ್ನು ಸರ್ಕಾರಕ್ಕೆ ಕಟ್ಟಲು ಒಪ್ಪಿಕೊಂಡರು. ಈ ನಡುವೆ 2014ರಲ್ಲಿ ಅದೇ ದಾಳಿಯಲ್ಲಿದ್ದ ರಾಬ್ ಓನೀಲ್ ಟೀವಿಗೆ ಬಂದು, ಬಿನ್ ಲಾಡೆನ್‌ನನ್ನು ಕೊಂದವನು ನಾನು ಅಂದರು. ಆಮೇಲೆ ಅವರದ್ದೂ ಪುಸ್ತಕ ಬಂತು. ಇಬ್ಬರ ಕಥೆಯೂ ಕೂಡಿಬರೋದಿಲ್ಲ. ಬಿಸೊನೆಟ್ ಪ್ರಕಾರ ಮೊದಲ ಗುಂಡು ತಗುಲಿದ್ದು ಮೆಟ್ಟಿಲಲ್ಲಿ ಎಲ್ಲರಿಗಿಂತ ಮುಂದಿದ್ದ ಇನ್ನೊಬ್ಬನದ್ದು. ಆ ಇನ್ನೊಬ್ಬನದ್ದು ಟೀವಿಯಿಲ್ಲ, ಪುಸ್ತಕವಿಲ್ಲ. ಪಾಪ, ಏಜೆಂಟ್ ಸಿಗಲಿಲ್ಲವೇನೋ.

‘ನನ್ನ ಕೆಲಸದ ಜಾಹೀರಾತು ಮಾಡೋದಿಲ್ಲ, ಮಾಡಿದ್ದಕ್ಕೆ ಹೆಸರು ಬಯಸೋದಿಲ್ಲ’ ಅನ್ನೋದು ಸೀಲ್‌ಗಳು ಬರೆದಿಟ್ಟುಕೊಂಡ ನಿಯಮ. ಅದನ್ನು 2014ರಲ್ಲಿ ಅಡ್ಮಿರಲ್ ಒಬ್ಬರು ಪತ್ರ ಬರೆದು ಎಲ್ಲರಿಗೂ ನೆನಪಿಸಬೇಕಾಯಿತು. ಒಳ್ಳೆಯದೇ. ಆದರೆ ಎರಡು ವರ್ಷ ಹಿಂದೆ ಇದೇ ನೌಕಾಪಡೆಯ ಒಪ್ಪಿಗೆಯಿಂದ, ಕೆಲಸದಲ್ಲಿದ್ದ ಸೀಲ್‌ಗಳೇ ಹೀರೋಗಳಾಗಿ ನಟಿಸಿದ ಸಿನಿಮಾ ಥಿಯೇಟರ್‌ಗಳಲ್ಲಿ ಓಡಿತ್ತು! ನಾಯಕರ ಹೆಸರನ್ನು ಮಾತ್ರ ಗುಟ್ಟಾಗಿ ಇಟ್ಟಿದ್ದರು. ಮುಖ ಪರದೆ ತುಂಬ, ಹೆಸರು ಮುಚ್ಚಿದ ಲಕೋಟೆಯಲ್ಲಿ.

ಡೆಲ್ಟಾ ಅಭಿಮಾನಿಗಳು ಇದನ್ನೆಲ್ಲ ನೋಡಿ ಮೀಸೆಯಡಿ ನಗುತ್ತಾರೆ, ನಮ್ಮವರು ಮೌನಿಗಳು ಅಂತ. ಡೆಲ್ಟಾ ಕಟ್ಟಿದ ಚಾರ್ಲ್ಸ್ ಬೆಕ್‌ವಿತ್ 1983ರಲ್ಲೇ ಪುಸ್ತಕ ತಂದಿದ್ದರು ಅನ್ನೋದನ್ನು ಮಾತ್ರ ಯಾರೂ ಎತ್ತಬಾರದು. ಬಸ್ ಹಿಡಿಯೋಕೆ ಓಡಿದರೆ ಏದುಸಿರು ಬಿಡೋರು ರಾತ್ರಿಯೆಲ್ಲ ಕೂತು ಡೆಲ್ಟಾ ಮೇಲೋ ಸೀಲ್ ಮೇಲೋ ಅಂತ ವಾದ ಮಾಡುತ್ತಾರೆ. ಹೊಡೆದಾಡೋರಿಗೆ ಆ ಪುರುಸೊತ್ತಿಲ್ಲ. ಹಿಮದ ಗೋಲದ ಅರ್ಜಿ ಬಿದ್ದ ಅದೇ ವರ್ಷ, ಆಗಸ್ಟ್ 6ರಂದು, ಅಫ್ಘಾನಿಸ್ತಾನದಲ್ಲಿ ಭೂಸೇನೆಯ ರೇಂಜರ್‌ಗಳ ನೆರವಿಗೆ ಸೀಲ್‌ಗಳು ಹೆಲಿಕಾಪ್ಟರ್‌ನಲ್ಲಿ ಹೊರಟಿದ್ದರು. ತಾಲಿಬಾನ್ ಅದನ್ನು ಹೊಡೆದುರುಳಿಸಿತು. ಅದರಲ್ಲಿ 30 ಅಮೆರಿಕನ್ನರಿದ್ದರು, 8 ಅಫ್ಘನ್ನರಿದ್ದರು. ಯಾರೂ ಉಳಿಯಲಿಲ್ಲ. ಕೆಳಗಿರೋರು ಯಾವ ಪಡೆಯವರು ಅಂತ ಹೊರಡುವ ಮುನ್ನ ಯಾರೂ ಲೆಕ್ಕ ಹಾಕಿರಲಿಲ್ಲ.

2019ರ ಅಕ್ಟೋಬರ್‌ನಲ್ಲಿ ಐಸಿಸ್ ಉಗ್ರರ ಮುಖ್ಯಸ್ಥ ಬಾಗ್ದಾದಿಯ ಬೇಟೆ ಡೆಲ್ಟಾ ಪಾಲಿಗೆ ಬಂತು. ಕಮಾಂಡೋಗಳ ಹೆಸರು ಗುಟ್ಟು, ಸರಿ. ಜೊತೆಗೆ ಹೋಗಿದ್ದ ನಾಯಿಯ ಹೆಸರೂ ಗುಟ್ಟು. ಟ್ರಂಪ್ ಮೊದಲು ಅದರ ಫೋಟೊ ಹಾಕಿದರು, ಹೆಸರು ಹೇಳೋ ಹಾಗಿಲ್ಲ ಅಂದರು. ನಾಲ್ಕು ದಿನ ಕಳೆಯೋದರೊಳಗೆ ಕೋನನ್ ಅಂತ ತಾವೇ ಹೇಳಿದರು. ನವೆಂಬರ್‌ನಲ್ಲಿ ಅದು ಶ್ವೇತಭವನಕ್ಕೆ ಬಂದು ಕ್ಯಾಮೆರಾ ಮುಂದೆ ನಿಂತಿತು. ಸೀಲ್‌ಗಳ ಜೊತೆ ಅಬೊಟ್ಟಾಬಾದ್‌ಗೆ ಹೋಗಿದ್ದ ಕೈರೋ ಅನ್ನೋ ನಾಯಿಯಾದರೂ ಮರ್ಯಾದೆ ಉಳಿಸಿತಲ್ಲ ಅಂತ ಅಂದುಕೊಳ್ಳೋ ಹೊತ್ತಿಗೆ, 2020ರಲ್ಲಿ ಅದನ್ನು ಸಾಕಿದ ಸೀಲ್ ಅದರ ಮೇಲೂ ಒಂದು ಪುಸ್ತಕ ತಂದರು.